ಕಟ್ಟಿ ಕಲಿಯುವ ಸಂಗೀತ ಕಿಟ್: ಕಟ್ಟಿದ್ದಾಯಿತು, ಕಲಿತದ್ದೇನು?

ಹೊಂಬೆಳಕು
ಮಗಳಿಗೆಂದು ‘ನೀವೇ ಕಟ್ಟಿ, ನುಡಿಸಿ, ಕಲಿಯಿರಿ’ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡ್ ಕಿಟ್ ತಂದಿದ್ದೆವು. ಒಳಗೆ ಒಂದು ಬೋರ್ಡ್, ಎಂಟು ಒತ್ತುಗುಂಡಿಗಳು, ವಿದ್ಯುತ್ತಿನ ಹರಿವಿಗೆ ತಡೆ ಒಡ್ಡುವ ಒಂದಷ್ಟು ರೆಸಿಸ್ಟರ್‌ಗಳು, ಕಂಪನ ಹುಟ್ಟಿಸುವ 555 ಎಂಬ ಒಂದು ಐಸಿ (ಚಿಪ್), ಸದ್ದು ಮಾಡುವ ಚಪ್ಪಟೆಯಾದ ಪೀಝೋ ಬಜರ್, 9 ವೋಲ್ಟ್ ಬ್ಯಾಟರಿಯ ಕ್ಲಿಪ್. ಬೆಸುಗೆ ಹಾಕಿದವಳು ಮಗಳೇ, ನಾನು ಪಕ್ಕದಲ್ಲಿ ಕುಳಿತಿದ್ದೆ ಅಷ್ಟೆ. ಬ್ಯಾಟರಿ ಸಿಕ್ಕಿಸಿದ ಕೂಡಲೇ ಸದ್ದು ಬಂತು. ಅಷ್ಟರಮಟ್ಟಿಗೆ ದೂರಿಲ್ಲ.

ದೂರು ಶುರುವಾದದ್ದು ಆಮೇಲೆ. ಅವಳು ಹಾಡು ಕಲಿಯುತ್ತಿರುವ ಹುಡುಗಿ. ಸ, ರಿ ಎರಡೂ ಸರಿಯಾಗಿಯೇ ಕೇಳಿಸಿದವು. ಗ ಒತ್ತಿದಳು, ‘ಅಮ್ಮಾ, ಇದು ಇಳಿದಿದೆ’ ಎಂದಳು. ನಿಷಾದವಂತೂ ಬೇರೆಯದೇ ಸ್ವರ. ಮೇಲಿನ ಸ ಕೆಳಗಿನ ಸ ಜೊತೆ ಕೂಡುವುದಿಲ್ಲ. ಇನ್ನೊಂದು ವಿಚಿತ್ರ: ಸ ಮತ್ತು ಪ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಎರಡೂ ಸ್ವರಗಳು ಕೇಳಿಸಬೇಕಲ್ಲವೇ? ಅದರ ಬದಲು ಅವೆರಡಕ್ಕಿಂತಲೂ ಮೇಲಿನ ಒಂದು ಕೀರಲು ದನಿ ಬರುತ್ತದೆ.

‘ಏಕೆ ಹೀಗೆ?’ ಎಂದು ಕೇಳಿದಳು. ಕೈಪಿಡಿ ತೆರೆದು ನೋಡಿದೆ. ಆರ್3 ಅನ್ನು ಅದರ ಜಾಗದಲ್ಲಿ ಕೂರಿಸಿ, ಆರ್4 ಅನ್ನು ಅದರ ಜಾಗದಲ್ಲಿ ಕೂರಿಸಿ, ಕಾಲುಗಳನ್ನು ಕತ್ತರಿಸಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಷ್ಟೇ. ಆರ್3 ಏಕೆ ಬೇಕು, ಅದರ ಮೌಲ್ಯಕ್ಕೂ ಗಾಂಧಾರಕ್ಕೂ ಏನು ನಂಟು, ಒಂದು ಸಾಲೂ ಇಲ್ಲ. ಅಂಕೆ ನೋಡಿ ಬಣ್ಣ ತುಂಬುವ ಚಿತ್ರಪುಸ್ತಕದಂತೆ ಆಯಿತು. ಇದಕ್ಕೆ ‘ಶೈಕ್ಷಣಿಕ’ ಎಂಬ ಹಣೆಪಟ್ಟಿ ಏಕೆ? ನಿಮ್ಮಲ್ಲಿ ಯಾರಾದರೂ ಇಂಥ ಕಿಟ್ ಕಟ್ಟಿದ್ದೀರಾ? ಶ್ರುತಿ ಸರಿಪಡಿಸುವ ದಾರಿ ಇದೆಯೇ?

ನೇರನುಡಿ
ಆಟಿಕೆಯಿಂದ ವೀಣೆಯ ಶ್ರುತಿ ನಿರೀಕ್ಷಿಸುವುದು ನ್ಯಾಯವಲ್ಲ. ಮಗು ಬೆಸುಗೆ ಹಾಕಿತು, ಸದ್ದು ಬಂತು. ಕಿಟ್‌ನ ಕೆಲಸ ಅಲ್ಲಿಗೆ ಮುಗಿಯಿತು.

ಮಿಣುಕುಹುಳ
ಬ್ಯಾಟರಿ ಇಳಿದಿರಬಹುದು. ಹೊಸದು ಹಾಕಿ ನೋಡಿದಿರಾ? ನನ್ನ ಹತ್ತಿರ ಇದ್ದ ಎರಡು ಟ್ರಾನ್ಸಿಸ್ಟರ್‌ಗಳ ಆರ್ಗನ್‌ನಲ್ಲಿ ಬ್ಯಾಟರಿ ಸೊರಗಿದ ಹಾಗೆ ಸ್ವರವೂ ಜಾರುತ್ತಿತ್ತು.

ತಾಮ್ರತಂತಿ
ಟ್ರಾನ್ಸಿಸ್ಟರ್ ಆರ್ಗನ್‌ನಲ್ಲಿ ಹಾಗಾಗುತ್ತದೆ, 555ರಲ್ಲಿ ಆಗುವುದಿಲ್ಲ. ಈ ಐಸಿಯ ಒಳಗೆ ಸಮನಾದ ಮೂರು ರೆಸಿಸ್ಟರ್‌ಗಳ ಸರಪಳಿ ಇದೆ. ಹೊರಗಿನ ಕೆಪಾಸಿಟರ್ (ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ಬ್ಯಾಟರಿ ವೋಲ್ಟೇಜಿನ ಮೂರನೇ ಎರಡು ಭಾಗದವರೆಗೆ ತುಂಬುತ್ತದೆ, ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಮತ್ತೆ ತುಂಬುತ್ತದೆ. ಬ್ಯಾಟರಿ 9 ವೋಲ್ಟ್‌ನಿಂದ 7ಕ್ಕೆ ಇಳಿದರೆ ಆ ಎರಡು ಗಡಿಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಸಮಯ ಬದಲಾಗುವುದಿಲ್ಲ, ಆದ್ದರಿಂದ ಸ್ವರವೂ ಬದಲಾಗುವುದಿಲ್ಲ. ಹಾನ್ಸ್ ಕಾಮೆನ್‌ಝಿಂಡ್ 1971ರಲ್ಲಿ ವಿನ್ಯಾಸ ಮಾಡಿದ ಈ ಐಸಿ ಇಂದಿಗೂ ಬಳಕೆಯಲ್ಲಿ ಉಳಿದಿರುವುದಕ್ಕೆ ಇಂಥ ಜಾಣತನವೂ ಒಂದು ಕಾರಣ.

ಅಲ್ಲದೆ ಬ್ಯಾಟರಿಯ ದೋಷವಾಗಿದ್ದರೆ ಎಂಟೂ ಸ್ವರಗಳು ಕೆಡಬೇಕಿತ್ತು. ಸ, ರಿ ಸರಿ ಇದ್ದು ಗ, ನಿ ಮಾತ್ರ ಕೆಟ್ಟಿವೆ ಎಂದರೆ ರೆಸಿಸ್ಟರ್‌ಗಳನ್ನೇ ನೋಡಬೇಕು. ಹೊಂಬೆಳಕು ಅವರೇ, ಒಂದೊಂದು ಗುಂಡಿಯ ಪಕ್ಕದ ರೆಸಿಸ್ಟರ್‌ನ ಮೌಲ್ಯ ಬರೆಯುತ್ತೀರಾ? ಕೆಪಾಸಿಟರ್ ಮೇಲಿನ ಅಂಕೆಯನ್ನೂ ತಿಳಿಸಿ.

ಹೊಂಬೆಳಕು
ಬ್ಯಾಟರಿ ಹೊಸದೇ. ಮಗಳೇ ಪಟ್ಟಿ ಮಾಡಿಕೊಟ್ಟಳು. ಸ 27 ಕಿಲೋಓಮ್, ರಿ 24, ಗ 22, ಮ 20, ಪ 18, ಧ 16, ನಿ 15, ಮೇಲಿನ ಸ 13. ಎಲ್ಲ ಗುಂಡಿಗಳಿಗೂ ಸೇರಿದಂತೆ ಇನ್ನೊಂದು 1 ಕಿಲೋಓಮ್ ಇದೆ. ಕೆಪಾಸಿಟರ್ ಮೇಲೆ 104 ಎಂದಿದೆ. ಪ್ರತಿ ಗುಂಡಿಗೂ ಅದರದೇ ರೆಸಿಸ್ಟರ್.

ತಾಮ್ರತಂತಿ
ಈ ಪಟ್ಟಿ ನೋಡಿದ ಕೂಡಲೇ ಕಥೆ ತಿಳಿಯಿತು. 13, 15, 16, 18, 20, 22, 24, 27. ಇವು ರೆಸಿಸ್ಟರ್‌ಗಳ ಇ24 ಸರಣಿಯಲ್ಲಿ, ಅಂದರೆ ಸಿದ್ಧ ಮೌಲ್ಯಗಳ ಪಟ್ಟಿಯಲ್ಲಿ, ಸಾಲಾಗಿ ಬರುವ ಎಂಟು ಮೌಲ್ಯಗಳು. ಅಂಗಡಿಯ ಡಬ್ಬಿಗಳಲ್ಲಿ ಒಂದರ ಪಕ್ಕ ಒಂದು ಇರುವಂಥವು. ಕಿಟ್ ಮಾಡಿದವರು ಕೆಳಗಿನ ಸ ಯನ್ನು 27ರಲ್ಲಿ ಕೂರಿಸಿ ಮಿಕ್ಕಿದ್ದನ್ನು ಸಾಲಾಗಿ ಎತ್ತಿಕೊಂಡ ಹಾಗಿದೆ.

ಲೆಕ್ಕ ಹೀಗೆ. ಗುಂಡಿಯ ರೆಸಿಸ್ಟರ್‌ನ ಎರಡರಷ್ಟಕ್ಕೆ 1 ಕಿಲೋಓಮ್ ಕೂಡಿಸಿ, ಅದನ್ನು ಕೆಪಾಸಿಟರ್ ಮೌಲ್ಯದಿಂದ ಗುಣಿಸಿ, ಬಂದದ್ದರಿಂದ 1.44 ಅನ್ನು ಭಾಗಿಸಿದರೆ ಕಂಪನಾಂಕ ಸಿಗುತ್ತದೆ. 104 ಎಂದರೆ 0.1 ಮೈಕ್ರೋಫ್ಯಾರಡ್. ಸ 261.8 ಹರ್ಟ್ಸ್ ಬರುತ್ತದೆ, ಬೇಕಾದದ್ದು 261.6. ರಿ 293.9, ಬೇಕಾದದ್ದು 293.7. ಇವೆರಡೂ ಅಚ್ಚುಕಟ್ಟು. ಗ 320 ಬರುತ್ತದೆ, ಬೇಕಾದದ್ದು 329.6. ಅರ್ಧ ಸ್ವರದಲ್ಲೂ (ಒಂದು ಸ್ವರಸ್ಥಾನದಿಂದ ಪಕ್ಕದ ಸ್ಥಾನಕ್ಕಿರುವ ಅಂತರ) ಅರ್ಧದಷ್ಟು ಇಳಿದಿದೆ, ನಿಮ್ಮ ಮಗಳು ಹೇಳಿದ್ದು ಅದನ್ನೇ. ಮ, ಪ, ಧ ಅಲ್ಪಸ್ವಲ್ಪ ಆಚೀಚೆ. ನಿ 464.5 ಬರುತ್ತದೆ, ಬೇಕಾದದ್ದು 493.9. ಒಂದು ಪೂರ್ತಿ ಅರ್ಧ ಸ್ವರ ಕೆಳಗೆ! ಮೇಲಿನ ಸ 523.3ರ ಬದಲು 533.

ಬೆಸುಗೆ ಹಾಕಿದ ಮಗುವಿನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಕಟ್ಟಿದರೆ ಹೀಗೆಯೇ ನುಡಿಯುವ ವಾದ್ಯ ಇದು.

ಶ್ರುತಿಪೆಟ್ಟಿಗೆ
ಇದಕ್ಕೆ ಸಂಗೀತದ ಕಡೆಯಿಂದಲೂ ಒಂದು ಕಾರಣ ಇದೆ, ಹೇಳಲೇಬೇಕು. ಸ ದಿಂದ ಮೇಲಿನ ಸ ವರೆಗೆ ಹನ್ನೆರಡು ಸ್ಥಾನಗಳು. ಈ ಏಳು ಸ್ವರಗಳ ಏಣಿಯಲ್ಲಿ ಮೆಟ್ಟಿಲುಗಳು ಒಂದೇ ಎತ್ತರದವಲ್ಲ. ಸ–ರಿ ದೊಡ್ಡದು, ರಿ–ಗ ದೊಡ್ಡದು, ಗ–ಮ ಚಿಕ್ಕದು. ಮ–ಪ, ಪ–ಧ, ಧ–ನಿ ದೊಡ್ಡವು, ನಿ–ಸ ಮತ್ತೆ ಚಿಕ್ಕದು. ದೊಡ್ಡ ಮೆಟ್ಟಿಲಿಗೆ ಕಂಪನಾಂಕ ಸುಮಾರು ಶೇ. 12 ಏರಬೇಕು, ಚಿಕ್ಕದಕ್ಕೆ ಶೇ. 6. ತಾಮ್ರತಂತಿ ಅವರು ಹೇಳಿದ ಇ24 ಸರಣಿಯ ಮೆಟ್ಟಿಲುಗಳು ಎಲ್ಲವೂ ಹೆಚ್ಚುಕಡಿಮೆ ಶೇ. 10ರ ಆಸುಪಾಸಿನವು. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಅದರಲ್ಲೂ 16 ಮತ್ತು 15 ಪಕ್ಕಪಕ್ಕ ಬಂದಿರುವುದರಿಂದ ಚಿಕ್ಕ ಮೆಟ್ಟಿಲು ನಿ–ಸ ನಡುವೆ ಇರಬೇಕಾದದ್ದು ಧ–ನಿ ನಡುವೆ ಬಂದು ಕುಳಿತಿದೆ. ನಿಷಾದ ‘ಬೇರೆಯದೇ ಸ್ವರ’ ಎಂದು ಹುಡುಗಿಗೆ ಕೇಳಿಸಿದ್ದು ನೂರಕ್ಕೆ ನೂರು ನಿಜ, ಅದು ಕೈಶಿಕಿ ನಿಷಾದದ, ಅಂದರೆ ಒಂದು ಸ್ಥಾನ ಕೆಳಗಿನ ನಿ ಯ ಜಾಗ. ಆ ಕಿವಿಯನ್ನು ಜೋಪಾನ ಮಾಡಿ.

ನೇರನುಡಿ ಅವರೇ, ಇದು ವೀಣೆಯ ಸೂಕ್ಷ್ಮದ ಮಾತಲ್ಲ. ಹಾಡು ಕಲಿಯುವ ಮಗುವಿನ ಕೈಗೆ ತಪ್ಪು ಗಾಂಧಾರ ಕೊಟ್ಟು ‘ಇದೇ ಗ’ ಎಂದು ಗುಂಡಿಯ ಮೇಲೆ ಅಚ್ಚು ಹಾಕುವುದು ಸಣ್ಣ ವಿಷಯವಲ್ಲ.

ನೇರನುಡಿ
ಒಪ್ಪಲಾರೆ. ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಈ ವ್ಯತ್ಯಾಸ ಕೇಳಿಸುವುದೂ ಇಲ್ಲ. ಕಿಟ್ ಆ ಒಂಬತ್ತು ಮಕ್ಕಳಿಗಾಗಿ. ಮೊದಲ ಸಲ ಕೈಯಾರೆ ಕಟ್ಟಿದ್ದು ಸದ್ದು ಮಾಡಿದಾಗ ಆಗುವ ಸಂತೋಷ ಇದೆಯಲ್ಲ, ಅದು ಮಗುವನ್ನು ಎರಡನೆಯ ಕಿಟ್‌ಗೆ ಕರೆದೊಯ್ಯುತ್ತದೆ. ಮೊದಲ ದಿನವೇ ಸೂತ್ರ, ಭಾಗಾಕಾರ ಎಂದು ಕೂರಿಸಿದರೆ ಓಡಿಹೋಗುತ್ತವೆ.

ಕರಿಹಲಗೆ
ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನೇರನುಡಿ ಅವರ ಮಾತಿನ ಮೊದಲ ಅರ್ಧ ಒಪ್ಪುತ್ತೇನೆ: ಸದ್ದು ಬರುವುದು ಮುಖ್ಯ, ಅದೂ ಬೇಗ ಬರಬೇಕು. ಎರಡನೆಯ ಅರ್ಧ ಒಪ್ಪಲು ಸಾಧ್ಯವಿಲ್ಲ. ಮಕ್ಕಳು ಸೂತ್ರಕ್ಕೆ ಹೆದರಿ ಓಡುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಬೇಸತ್ತು ಎದ್ದುಹೋಗುತ್ತಾರೆ. ಇಲ್ಲಿ ಹುಡುಗಿ ತಾನಾಗಿಯೇ ಎರಡು ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಗ ಏಕೆ ಇಳಿದಿದೆ? ಎರಡು ಗುಂಡಿ ಒತ್ತಿದರೆ ಮೂರನೆಯ ಸ್ವರ ಏಕೆ? ಇಡೀ ಕಿಟ್‌ನ ಪಾಠ ಈ ಎರಡು ಪ್ರಶ್ನೆಗಳಲ್ಲೇ ಇದೆ. ಕೈಪಿಡಿ ಬರೆದವರು ಇವನ್ನೇ ಬಿಟ್ಟಿದ್ದಾರೆ.

ಎರಡನೆಯದಕ್ಕೆ ಉತ್ತರ ಸುಲಭ. ಎರಡು ಗುಂಡಿ ಒತ್ತಿದಾಗ ಎರಡು ರೆಸಿಸ್ಟರ್‌ಗಳು ಸಮಾಂತರವಾಗಿ ಸೇರುತ್ತವೆ. ಸಮಾಂತರದಲ್ಲಿ ಒಟ್ಟು ರೋಧ ಎರಡರಲ್ಲಿ ಚಿಕ್ಕದಕ್ಕಿಂತಲೂ ಕಡಿಮೆ. 27 ಮತ್ತು 18 ಸೇರಿದರೆ 10.8 ಕಿಲೋಓಮ್. ತಾಮ್ರತಂತಿ ಅವರ ಲೆಕ್ಕಕ್ಕೆ ಹಾಕಿದರೆ ಸುಮಾರು 637 ಹರ್ಟ್ಸ್, ಅಂದರೆ ಮೇಲಿನ ಸ ವನ್ನೂ ದಾಟಿದ ದನಿ. ಐಸಿ ಒಂದೇ, ಆದ್ದರಿಂದ ಒಮ್ಮೆಗೆ ಒಂದೇ ಸ್ವರ. ಪಠ್ಯಪುಸ್ತಕದಲ್ಲಿ ಸಮಾಂತರ ಜೋಡಣೆಯ ಲೆಕ್ಕ ಬಂದಾಗ ಮಕ್ಕಳಿಗೆ ಅದು ಬರೀ ಲೆಕ್ಕ. ಇಲ್ಲಿ ಅದು ಕಿವಿಗೆ ಕೇಳಿಸುತ್ತದೆ. ಇಂಥ ಅವಕಾಶವನ್ನು ಒಂದು ಸಾಲಿನ ವಿವರಣೆಯೂ ಇಲ್ಲದೆ ಹಾಳು ಮಾಡಿದ್ದಾರೆ ಎಂಬುದೇ ನನ್ನ ಸಿಟ್ಟು.

ಮಿಣುಕುಹುಳ
ನಿಮ್ಮದರಲ್ಲಿ 555 ಆದರೂ ಕಣ್ಣಿಗೆ ಕಾಣುತ್ತದೆ. ನನ್ನ ತಮ್ಮನಿಗೆ ಬಂದ ಕಿಟ್‌ನಲ್ಲಿ ಬೋರ್ಡ್ ಮಧ್ಯೆ ಕಪ್ಪು ಅಂಟಿನ ಒಂದು ಬೊಟ್ಟು, ಅಷ್ಟೇ. ಅದರೊಳಗೆ ಮೊದಲೇ ತುಂಬಿಟ್ಟ ಹಾಡುಗಳು. ತಮ್ಮ ಬೆಸೆದದ್ದು ಸ್ವಿಚ್, ಎರಡು ಎಲ್‌ಇಡಿ, ಸ್ಪೀಕರ್ ತಂತಿ. ಗುಂಡಿ ಒತ್ತಿದರೆ ಹಾಡು ಶುರು, ಮತ್ತೆ ಒತ್ತಿದರೆ ಮುಂದಿನ ಹಾಡು. ಡಬ್ಬಿಯ ಮೇಲೆ ‘ಸಿಂಥಸೈಜರ್ (ಸ್ವರಗಳನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ) ಕಟ್ಟಿ’ ಎಂದಿತ್ತು.

ಹಳೇರೇಡಿಯೋ
ಹಿಂದೆ ಯುಎಂ66 ಎಂಬ ಮೂರು ಕಾಲಿನ ಐಸಿ ಬರುತ್ತಿತ್ತು, ನೋಡಲು ಟ್ರಾನ್ಸಿಸ್ಟರ್ ಹಾಗೆಯೇ. ಬ್ಯಾಟರಿ ಕೊಟ್ಟರೆ ಒಂದು ಹಾಡು ನುಡಿಸುತ್ತಿತ್ತು. ಶುಭಾಶಯ ಪತ್ರ, ಕರೆಗಂಟೆ ಎಲ್ಲದರಲ್ಲೂ ಇಂಥ ಐಸಿಗಳೇ. ಅದನ್ನು ಯಾರೂ ಸಿಂಥಸೈಜರ್ ಎಂದು ಮಾರಲಿಲ್ಲ, ಹಾಡಿನ ಐಸಿ ಎಂದೇ ಮಾರಿದರು. ಕಪ್ಪು ಬೊಟ್ಟಿನ ಮೇಲೆ ನನಗೆ ದ್ವೇಷವಿಲ್ಲ. ಅದನ್ನು ಮುಂದಿಟ್ಟು ‘ನೀನು ಕಟ್ಟಿದೆ’ ಎಂದು ಮಗುವಿಗೆ ಹೇಳುವುದು ಮಾತ್ರ ಸುಳ್ಳು.

ಮಿಣುಕುಹುಳ ಅವರೇ, ಆ ಬೋರ್ಡ್ ಎಸೆಯಬೇಡಿ. ಕಪ್ಪು ಬೊಟ್ಟಿನ ಪಕ್ಕದಲ್ಲೇ ಒಂಟಿಯಾಗಿ ಒಂದು ರೆಸಿಸ್ಟರ್ ಇದೆಯೇ ನೋಡಿ. ಹಲವು ಹಾಡಿನ ಚಿಪ್‌ಗಳಲ್ಲಿ ಒಳಗಡಿಯಾರದ ವೇಗವನ್ನು ನಿರ್ಧರಿಸುವುದು ಆ ರೆಸಿಸ್ಟರ್. ಅದನ್ನು ತೆಗೆದು ಆ ಜಾಗಕ್ಕೆ ತಿರುಗುಗುಂಡಿಯ ವೇರಿಯಬಲ್ ರೆಸಿಸ್ಟರ್ ಹಾಕಿದರೆ ಹಾಡಿನ ವೇಗವೂ ಸ್ವರವೂ ಒಟ್ಟಿಗೆ ಏರುತ್ತವೆ, ಇಳಿಯುತ್ತವೆ. ಪೂರ್ತಿ ಇಳಿಸಿದರೆ ಹಾಡು ನರಳುತ್ತದೆ. ಆಟಿಕೆಗಳನ್ನು ಹೀಗೆ ಬದಲಾಯಿಸುವುದಕ್ಕೆ ಸರ್ಕ್ಯೂಟ್ ಬೆಂಡಿಂಗ್ ಎಂದು ಹೆಸರು. 1960ರ ದಶಕದಿಂದ ರೀಡ್ ಘಜಾಲಾ ಇದನ್ನೇ ಒಂದು ಕಲೆಯಾಗಿ ಬೆಳೆಸಿದರು. ಬ್ಯಾಟರಿಯಲ್ಲಿ ನಡೆಯುವ ಆಟಿಕೆಗಳಿಗೆ ಮಾತ್ರ ಇದು. ಗೋಡೆಯ ಪ್ಲಗ್‌ಗೆ ಸೇರುವ ಯಾವುದನ್ನೂ ಬಿಚ್ಚಬೇಡಿ.

ಮಿಣುಕುಹುಳ
ಇದೆ! ಒಂದೇ ಒಂದು ರೆಸಿಸ್ಟರ್ ಇದೆ. ಇವತ್ತೇ ಮಾಡುತ್ತೇವೆ.

ಬೆಸುಗೆಗಾರ
ವಿಷಯ ಬದಲಿಸುತ್ತಿದ್ದೇನೆ, ಕ್ಷಮಿಸಿ, ಆದರೆ ಮಕ್ಕಳ ಕಿಟ್‌ಗಳ ಜೊತೆ ಕೊಡುವ ಬೆಸುಗೆ ತಂತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಸೀಸವಿಲ್ಲದ ತಂತಿ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು, ಹಳೆಯ ತವರ–ಸೀಸದ ತಂತಿ 183ಕ್ಕೇ ಕರಗತೊಡಗುತ್ತದೆ. ಮಕ್ಕಳಿಗೆ ಸೀಸವಿಲ್ಲದ್ದನ್ನೇ ಕೊಡಬೇಕು, ಸರಿ. ಆದರೆ ಅದರ ಜೊತೆ ಬಿಸಿ ಸಾಲದ ಅಗ್ಗದ ಬೆಸುಗೆ ಕಬ್ಬಿಣ ಕೊಟ್ಟರೆ ಬೆಸುಗೆ ಹರಿಯುವುದೇ ಇಲ್ಲ, ಉಂಡೆ ಕಟ್ಟಿಕೊಂಡು ಕಾಲಿನ ಮೇಲೆ ಕೂರುತ್ತದೆ. ಮೇಲಿಂದ ನೋಡಿದರೆ ಅಂಟಿದಂತಿರುತ್ತದೆ, ಒಳಗೆ ಬಿಟ್ಟಿರುತ್ತದೆ. ರಿಪೇರಿಗೆ ನನ್ನ ಬಳಿ ಬರುವ ಮಕ್ಕಳ ಕಿಟ್‌ಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಇದೇ. ಪ್ಯಾಡ್ (ಬೋರ್ಡ್ ಮೇಲಿನ ಲೋಹದ ಬಿಲ್ಲೆ) ಮತ್ತು ಕಾಲು ಎರಡನ್ನೂ ಒಟ್ಟಿಗೆ ಬಿಸಿ ಮಾಡಿ ಆಮೇಲೆ ತಂತಿ ಮುಟ್ಟಿಸಬೇಕು. ಕರಗಿದ ತವರ ಕಾಲಿನ ಸುತ್ತ ಇಳಿಜಾರಾಗಿ ಹರಡಿದರೆ ಅದು ಬೆಸುಗೆ. ಈ ಎರಡು ಸಾಲು ಎಷ್ಟು ಕೈಪಿಡಿಗಳಲ್ಲಿದೆ?

ನೇರನುಡಿ
ಇದು ನಿಜ. ಕಿಟ್‌ಗಳ ಬಗ್ಗೆ ದೂರುವುದಿದ್ದರೆ ಮೊದಲು ಇದನ್ನು ದೂರಬೇಕು. ಕಿಟ್ ನುಡಿಯದೇ ಹೋದರೆ ಮಗು ತನ್ನನ್ನೇ ದಡ್ಡ ಎಂದುಕೊಳ್ಳುತ್ತದೆ.

ಅರಳಿಕಟ್ಟೆ
ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಬೆಸುಗೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಬಿಡಿಭಾಗಗಳನ್ನು ತೂತುಗಳಲ್ಲಿ ಸಿಕ್ಕಿಸುವ ಬ್ರೆಡ್‌ಬೋರ್ಡ್ ಕೊಡಿ. ಹೊಗೆ ಇಲ್ಲ, ಸುಡುವ ಭಯ ಇಲ್ಲ, ತಪ್ಪಿದರೆ ಕಿತ್ತು ಮತ್ತೆ ಸಿಕ್ಕಿಸಬಹುದು.

ಬೆಸುಗೆಗಾರ
ದೊಡ್ಡವರು ಪಕ್ಕದಲ್ಲಿದ್ದರೆ ಧಾರಾಳವಾಗಿ ಬೆಸೆಯಬಹುದು. ಏಳುವ ಹೊಗೆ ಮುಖ್ಯವಾಗಿ ತಂತಿಯೊಳಗಿನ ರಾಳದ್ದು. ಕಿಟಕಿ ತೆರೆದಿಡಿ, ಮುಖ ಹೊಗೆಗೆ ಒಡ್ಡಬೇಡಿ, ಮುಗಿದ ಮೇಲೆ ಕೈ ತೊಳೆಯಿರಿ.

ತಾಮ್ರತಂತಿ
ಮತ್ತೆ ಮೂಲ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಇದನ್ನು ಸರಿಪಡಿಸುವುದು ನಿಜಕ್ಕೂ ಸುಲಭ. ಇಳಿದ ಸ್ವರ ಏರಿಸಬೇಕಾದರೆ ರೋಧ ಕಡಿಮೆ ಮಾಡಬೇಕು. ಕರಿಹಲಗೆ ಅವರು ಹೇಳಿದ ಸಮಾಂತರ ಜೋಡಣೆಯೇ ಇಲ್ಲಿ ಕೈಹಿಡಿಯುತ್ತದೆ. ಯಾವುದನ್ನೂ ಬಿಚ್ಚದೆ ಗ ರೆಸಿಸ್ಟರ್ ಬೆನ್ನಿನ ಮೇಲೆ 680 ಕಿಲೋಓಮ್ ಒಂದನ್ನು ಬೆಸೆಯಿರಿ. 22 ಇದ್ದದ್ದು 21.3 ಆಗುತ್ತದೆ, ಸ್ವರ 330 ಹರ್ಟ್ಸ್‌ಗೆ ಬರುತ್ತದೆ. ನಿ ಮೇಲೆ 220 ಕಿಲೋಓಮ್. 15 ಇದ್ದದ್ದು 14 ಆಗುತ್ತದೆ, ಸ್ವರ 495.

ಮೇಲಿನ ಸ ಏರಿದೆ, ಅದನ್ನು ಇಳಿಸಬೇಕು. ಅಲ್ಲಿ ಸಮಾಂತರ ನಡೆಯುವುದಿಲ್ಲ. ರೆಸಿಸ್ಟರ್‌ನ ಒಂದು ಕಾಲನ್ನು ಎತ್ತಿ, ನಡುವೆ 270 ಓಮ್ ಒಂದನ್ನು ಸರಣಿಯಲ್ಲಿ (ಒಂದರ ಹಿಂದೆ ಒಂದಾಗಿ) ಸೇರಿಸಿ. 523ಕ್ಕೆ ಇಳಿಯುತ್ತದೆ.

ಹಳೇರೇಡಿಯೋ
ಲೆಕ್ಕ ಚೆನ್ನಾಗಿದೆ, ಆದರೆ ರೆಸಿಸ್ಟರ್ ಮೇಲೆ ಚಿನ್ನದ ಪಟ್ಟೆ ಇದ್ದರೆ ಅದರ ಮೌಲ್ಯ ಶೇ. 5 ಆಚೀಚೆ ಇರಬಹುದು. ಅರ್ಧ ಸ್ವರವೇ ಶೇ. 6! ಹಾಗಿರುವಾಗ ಕಾಗದದ ಮೇಲೆ 21.3, 14 ಎಂದು ಬರೆದು ಏನು ಪ್ರಯೋಜನ? ಕೆಪಾಸಿಟರ್ ಅಂತೂ ಇನ್ನೂ ಸಡಿಲ, ಶೇ. 10, 20 ಹೆಚ್ಚುಕಡಿಮೆ ಇರುವುದು ಮಾಮೂಲು. ಪ್ರತಿ ಗುಂಡಿಗೂ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಪ್ರೀಸೆಟ್ ಹಾಕಿ ಕಿವಿಯಿಂದ ಶ್ರುತಿ ಮಾಡುವುದೇ ಸರಿಯಾದ ದಾರಿ. ಗ ಗೆ 18 ಕಿಲೋಓಮ್ ಜೊತೆ 5 ಕಿಲೋಓಮ್ ಪ್ರೀಸೆಟ್ ಸರಣಿಯಲ್ಲಿ ಹಾಕಿದರೆ ಎರಡೂ ಕಡೆ ತಿರುಗಿಸಲು ಜಾಗ ಸಿಗುತ್ತದೆ. ಕಿಟ್ ಮಾಡುವವರು ಮೊದಲೇ ಇದನ್ನು ಮಾಡಬೇಕಿತ್ತು.

ತಾಮ್ರತಂತಿ
ಕೆಪಾಸಿಟರ್ ಮಾತು ಇಲ್ಲಿ ಹೊಂದುವುದಿಲ್ಲ. ಎಂಟೂ ಸ್ವರಗಳಿಗೆ ಇರುವುದು ಒಂದೇ ಕೆಪಾಸಿಟರ್. ಅದು ಶೇ. 10 ಹೆಚ್ಚಿದ್ದರೆ ಎಂಟೂ ಸ್ವರಗಳು ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಸ್ವರಗಳ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ರೆಸಿಸ್ಟರ್‌ಗಳ ಬಗ್ಗೆ ನೀವು ಹೇಳಿದ್ದು ಸರಿ, ಅದಕ್ಕೆ ಮೊದಲು ಮಲ್ಟಿಮೀಟರ್‌ನಲ್ಲಿ ಅಳೆಯಬೇಕು. ಬೋರ್ಡ್ ಮೇಲೆ ಅಳೆಯುವಾಗ ಬ್ಯಾಟರಿ ತೆಗೆದಿರಲಿ, ಯಾವ ಗುಂಡಿಯನ್ನೂ ಒತ್ತಬೇಡಿ.

ಶ್ರುತಿಪೆಟ್ಟಿಗೆ
ತಾಮ್ರತಂತಿ ಅವರ ಈ ಮಾತು ಹಾಡುವವರಿಗೆ ಚೆನ್ನಾಗಿ ಗೊತ್ತು. ಒಬ್ಬರ ಶ್ರುತಿ ಒಂದೂವರೆ, ಇನ್ನೊಬ್ಬರದು ಐದು. ಸ ಎಲ್ಲಿದ್ದರೂ ಹಾಡಬಹುದು, ಅದರಿಂದ ಗ ಎಷ್ಟು ದೂರ, ಪ ಎಷ್ಟು ದೂರ ಎಂಬುದು ತಪ್ಪಿದರೆ ಹಾಡಲಾಗದು. ಕೆಪಾಸಿಟರ್ ಶ್ರುತಿಯನ್ನು ಹಿಡಿಯುತ್ತದೆ, ರೆಸಿಸ್ಟರ್‌ಗಳು ಸ್ವರಾಂತರಗಳನ್ನು ಹಿಡಿಯುತ್ತವೆ. ನೋಡಿ, ಎಷ್ಟು ದೊಡ್ಡ ಪಾಠ!

ಒಂದು ತಕರಾರು. ಗ ಗೆ 329.6 ಎಂಬ ಗುರಿ ಹನ್ನೆರಡೂ ಸ್ಥಾನಗಳನ್ನು ಸಮವಾಗಿ ಹಂಚುವ ಪಿಯಾನೋದ ಸಮಪಾಲು ಲೆಕ್ಕದ್ದು. ತಂಬೂರಿಯ ಜೊತೆ ಹಾಡುವ ಮಗುವಿನ ಕಿವಿ ಕೇಳುವ ಗ, ಅಂದರೆ ಅಂತರ ಗಾಂಧಾರ, ಸ ದ ಐದು–ನಾಲ್ಕರ ಅನುಪಾತ, ಅಂದರೆ 327. ಪಿಯಾನೋದ್ದಕ್ಕಿಂತ ತುಸು ಕೆಳಗೆ.

ತಾಮ್ರತಂತಿ
ಹಾಗಾದರೆ 680 ಕಿಲೋಓಮ್ ಬದಲು 1 ಮೆಗಾಓಮ್ ಬೆಸೆಯಲಿ. 326.9 ಬರುತ್ತದೆ. ಆದರೆ ಇದು ಕೀಬೋರ್ಡ್, ಬೇರೆ ವಾದ್ಯಗಳ ಜೊತೆ ನುಡಿಸಬೇಕಾದರೆ ಸಮಪಾಲೇ ಬೇಕು.

ಶ್ರುತಿಪೆಟ್ಟಿಗೆ
ಒಂದೊಂದೇ ಸ್ವರ ನುಡಿಯುವ ಎಂಟು ಗುಂಡಿಯ ವಾದ್ಯವನ್ನು ಯಾವ ವೃಂದದಲ್ಲಿ ನುಡಿಸುತ್ತೀರಿ? ಹುಡುಗಿ ಹಾಡುತ್ತಾಳೆ, ಅವಳ ದನಿಗೆ ಹೊಂದಲಿ.

ಕರಿಹಲಗೆ
ಎರಡನ್ನೂ ಬೆಸೆದು ಅವಳೇ ಕೇಳಿ ಆರಿಸಲಿ. ಸಣ್ಣ ಸ್ವಿಚ್ ಒಂದು ಸಾಕು.

ಕಲ್ಲುಸಕ್ಕರೆ
ನಾನು ‘ಥೆರೆಮಿನ್’ ಎಂಬ ಕಿಟ್ ಕಟ್ಟಿದೆ. ಬೆಳಕಿನ ಮೇಲೆ ಕೈ ಆಡಿಸಿದರೆ ಸ್ವರ ಏರಿಳಿಯುತ್ತದೆ. ಅದೂ ಮೋಸವೇ?

ಹಳೇರೇಡಿಯೋ
ಬೆಳಕಿಗೆ ರೋಧ ಬದಲಿಸುವ ರೆಸಿಸ್ಟರ್ ಹಾಕಿದ 555 ಇರಬೇಕು. ಆಟಕ್ಕೆ ಸೊಗಸು, ಆದರೆ ಥೆರೆಮಿನ್ ಅಲ್ಲ. 1920ರ ಸುಮಾರಿಗೆ ಲಿಯಾನ್ ಥೆರೆಮಿನ್ ರೂಪಿಸಿದ ವಾದ್ಯದಲ್ಲಿ ಕಿವಿಗೆ ಕೇಳಿಸದಷ್ಟು ಮೇಲಿನ ಎರಡು ಕಂಪನಗಳಿರುತ್ತವೆ. ಆಂಟೆನಾ ಬಳಿಗೆ ಕೈ ತಂದಾಗ ಒಂದರ ಕಂಪನ ಸ್ವಲ್ಪ ಬದಲಾಗುತ್ತದೆ. ಎರಡರ ವ್ಯತ್ಯಾಸವೇ ನಾವು ಕೇಳುವ ಸ್ವರ. ನುಡಿಸುವವರು ವಾದ್ಯವನ್ನು ಮುಟ್ಟುವುದೇ ಇಲ್ಲ. ರಾಬರ್ಟ್ ಮೂಗ್ 1964ರಲ್ಲಿ ತಮ್ಮ ಸಿಂಥಸೈಜರ್ ಹೊರತರುವ ಮೊದಲು 1950ರ ದಶಕದಿಂದಲೇ ಥೆರೆಮಿನ್‌ಗಳನ್ನೂ ಅವುಗಳ ಕಿಟ್‌ಗಳನ್ನೂ ಮಾಡಿ ಮಾರುತ್ತಿದ್ದರು. ಕಿಟ್ ಎಂದರೆ ಕೀಳು ಎಂದು ಯಾರೂ ತಿಳಿಯಬಾರದು. ಒಂದು ಸ್ವರಕ್ಕೆ ಒಂದು ರೆಸಿಸ್ಟರ್ ಎಂಬ ಉಪಾಯವೂ ಕೀಳಲ್ಲ, 1968ರಲ್ಲಿ ಮಾರುಕಟ್ಟೆಗೆ ಬಂದ ಸ್ಟೈಲೋಫೋನ್ ಎಂಬ ಪುಟ್ಟ ಕೀಬೋರ್ಡ್ ನುಡಿದದ್ದೂ ಹಾಗೆಯೇ.

ಅರಳಿಕಟ್ಟೆ
ಹಾಗಾದರೆ ಕಿಟ್ ಕೊಳ್ಳುವಾಗ ಏನು ನೋಡಬೇಕು? ಇಷ್ಟು ಓದಿದ ಮೇಲೆ ಭಯವೇ ಆಗುತ್ತಿದೆ.

ಕರಿಹಲಗೆ
ಸಾಧ್ಯವಾದರೆ ಮೊದಲು ಕೈಪಿಡಿ ಓದಿ. ಸರ್ಕ್ಯೂಟ್ ನಕ್ಷೆ ಇದೆಯೇ? ‘ಇದನ್ನು ಬದಲಿಸಿದರೆ ಏನಾಗುತ್ತದೆ, ಮಾಡಿ ನೋಡಿ’ ಎಂಬ ಪುಟ ಇದೆಯೇ? ಅದೊಂದಿದ್ದರೆ ಕಿಟ್ ಚಿಕ್ಕದಾದರೂ ಚಿಂತೆಯಿಲ್ಲ.

ತರಗತಿಯಲ್ಲಿ ನಾನು ಮಾಡುವ ಒಂದು ಪ್ರಯೋಗ ಹೇಳುತ್ತೇನೆ. 555 ಸರ್ಕ್ಯೂಟ್‌ನಲ್ಲಿ ಗುಂಡಿಗಳ ಬದಲು ಎರಡು ತಂತಿಗಳನ್ನು ಹೊರಗೆ ತರುವುದು, ಒಂದರ ಜೊತೆ ಸರಣಿಯಲ್ಲಿ 10 ಕಿಲೋಓಮ್. ಮೆದು ಕಡ್ಡಿಯ ಪೆನ್ಸಿಲ್‌ನಿಂದ ಕಾಗದದ ಮೇಲೆ ದಪ್ಪ ಪಟ್ಟಿ ಬಳಿಯಬೇಕು, ಕಾಗದ ಹೊಳೆಯುವಷ್ಟು ಒತ್ತಿ, ಮತ್ತೆ ಮತ್ತೆ. ಒಂದು ತಂತಿಯನ್ನು ಪಟ್ಟಿಯ ತುದಿಗೆ ಅಂಟಿಸಿ, ಇನ್ನೊಂದನ್ನು ಪಟ್ಟಿಯ ಮೇಲೆ ಜಾರಿಸಿದರೆ ಸ್ವರ ಜಾರುತ್ತದೆ. ಪೆನ್ಸಿಲ್‌ನ ಗ್ರಾಫೈಟ್ ವಿದ್ಯುತ್ತನ್ನು ಒಯ್ಯುತ್ತದೆ, ಪಟ್ಟಿ ಉದ್ದವಾದಷ್ಟೂ ರೋಧ ಹೆಚ್ಚು. ಮಕ್ಕಳು ತಾವಾಗಿಯೇ ಪಟ್ಟಿಯ ಮೇಲೆ ಸ, ರಿ, ಗ ಎಂದು ಗುರುತು ಹಾಕತೊಡಗುತ್ತಾರೆ. ಗುರುತುಗಳು ಮೇಲೆ ಹೋದಂತೆ ಒತ್ತೊತ್ತಾಗುತ್ತವೆ. ‘ಏಕೆ ಸರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ನೇರನುಡಿ
ಪೆನ್ಸಿಲ್ ಪ್ರಯೋಗ ನಾನೂ ಮಾಡಿಸುತ್ತೇನೆ. ಆದರೂ ಹೇಳುತ್ತೇನೆ, ಇದನ್ನು ಮಾಡಿಸಲು ನಿಮ್ಮಂಥ ಮೇಷ್ಟ್ರು ಬೇಕು. ಒಂಟಿಯಾಗಿ ಮನೆಯಲ್ಲಿ ಕುಳಿತು ಕಟ್ಟುವ ಮಗುವಿಗೆ ಕೈಪಿಡಿಯೇ ಮೇಷ್ಟ್ರು.

ಹೊಂಬೆಳಕು
ನಾನು ದೂರಿದ್ದೂ ಅದನ್ನೇ, ನೇರನುಡಿ ಅವರೇ. ಆ ಮೇಷ್ಟ್ರು ಬಾಯಿ ಬಿಡಲಿಲ್ಲ.

ಎಲ್ಲರಿಗೂ ಧನ್ಯವಾದ. ಗ ಮೇಲೆ 1 ಮೆಗಾಓಮ್, ನಿ ಮೇಲೆ 220 ಕಿಲೋಓಮ್ ಬೆಸೆದಾಯಿತು. ಅಳೆದು ನೋಡಿದಾಗ ನಮ್ಮ 22 ಕಿಲೋಓಮ್ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಗ ಈಗ ಅವಳ ದನಿಗೆ ಕೂಡುತ್ತದೆ, 680 ಹಾಕಿದಾಗ ‘ಚೂರು ಮೇಲಿದೆ’ ಎಂದು ಅವಳೇ ಬೇಡ ಎಂದಳು. ಮೇಲಿನ ಸ ಗೆ ಕಾಲು ಎತ್ತುವಾಗ ಪ್ಯಾಡ್ ಕಿತ್ತು ಬಂದೀತೆಂಬ ಭಯ. ಬೆಸುಗೆಗಾರ ಅವರೇ, ಹೇಗೆ ಮಾಡಲಿ? ಇನ್ನೊಂದು ಕೋರಿಕೆ ಮಗಳದು: ಅವಳ ಶ್ರುತಿ ಈ ಸ ಗಿಂತ ಕೆಳಗೆ, ಇಡೀ ವಾದ್ಯವನ್ನು ಒಟ್ಟಿಗೆ ಇಳಿಸಬಹುದೇ? ಪೀಝೋದ ಕೀರಲು ದನಿಯೂ ಅವಳಿಗೆ ಹಿಡಿಸುತ್ತಿಲ್ಲ.

ಬೆಸುಗೆಗಾರ
ಎಳೆಯಬೇಡಿ. ಬೆಸುಗೆಯ ಮೇಲೆ ಮೊದಲು ಸ್ವಲ್ಪ ಹೊಸ ತವರ ಸೇರಿಸಿ, ಪೂರ್ತಿ ಕರಗಿದ ಮೇಲೆ ಇಕ್ಕಳದಿಂದ ಕಾಲನ್ನು ಮೆಲ್ಲಗೆ ಎತ್ತಿ. ಬಲ ಹಾಕಬೇಕಾಯಿತು ಎಂದರೆ ತವರ ಇನ್ನೂ ಕರಗಿಲ್ಲ ಎಂದರ್ಥ. ಅಷ್ಟೂ ಬೇಡವೆಂದರೆ ರೆಸಿಸ್ಟರ್‌ನ ಕಾಲನ್ನು ಮೇಲ್ಭಾಗದಲ್ಲೇ ನಡುವೆ ಕತ್ತರಿಸಿ, ಆ ಎರಡು ತುದಿಗಳ ನಡುವೆ 270 ಓಮ್ ಬೆಸೆಯಿರಿ. ಪ್ಯಾಡ್ ಮುಟ್ಟುವ ಕೆಲಸವೇ ಇಲ್ಲ.

ಪೀಝೋ ಬಿಲ್ಲೆಗಳು ಜೋರಾಗಿ ನುಡಿಯುವುದು ಸಾಮಾನ್ಯವಾಗಿ 2ರಿಂದ 4 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ. ನಿಮ್ಮ ಸ್ವರಗಳೆಲ್ಲ ಅದಕ್ಕಿಂತ ಬಹಳ ಕೆಳಗೆ, ಹಾಗಾಗಿ ಮೂಲ ಸ್ವರ ಸೊರಗಿ ಮೇಲಿನ ಕರ್ಕಶ ಭಾಗವೇ ಹೆಚ್ಚು ಕೇಳಿಸುತ್ತದೆ. ಹಳೆಯ ರೇಡಿಯೋದ 8 ಓಮ್ ಸ್ಪೀಕರ್ ಇದ್ದರೆ ಪೀಝೋ ತೆಗೆದು ಅದನ್ನು ಹಾಕಿ. ನಡುವೆ 100 ಓಮ್ ರೆಸಿಸ್ಟರ್, 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿರಲಿ, ಕೆಪಾಸಿಟರ್‌ನ ಪ್ಲಸ್ ಕಾಲು ಐಸಿ ಕಡೆಗೆ.

ತಾಮ್ರತಂತಿ
ಶ್ರುತಿ ಇಳಿಸಲು ಕೆಪಾಸಿಟರ್ ಜೊತೆ ಇನ್ನೊಂದು ಕೆಪಾಸಿಟರ್ ಸಮಾಂತರವಾಗಿ ಸೇರಿಸಿ. ರೆಸಿಸ್ಟರ್‌ಗೆ ತದ್ವಿರುದ್ಧವಾಗಿ ಇಲ್ಲಿ ಮೌಲ್ಯಗಳು ಕೂಡುತ್ತವೆ. 0.1ಕ್ಕೆ 0.01 ಸೇರಿದರೆ, ಅಂದರೆ 103 ಎಂದು ಬರೆದದ್ದು, ಎಂಟೂ ಸ್ವರಗಳು ಸುಮಾರು ಒಂದೂವರೆ ಅರ್ಧ ಸ್ವರದಷ್ಟು ಇಳಿಯುತ್ತವೆ. ಅಂತರಗಳು ಕೆಡುವುದಿಲ್ಲ.

ತಿರುಗಿಸಿ ಹೊಂದಿಸಿಕೊಳ್ಳುವ ಗುಂಡಿಯೇ ಬೇಕೆಂದರೆ 10 ಕಿಲೋಓಮ್ ಪಾಟ್‌ನ (ತಿರುಗುಗುಂಡಿಯ ವೇರಿಯಬಲ್ ರೆಸಿಸ್ಟರ್) ನಡುವಿನ ಕಾಲನ್ನು ಐಸಿಯ 5ನೇ ಪಿನ್‌ಗೆ ಕೊಡಿ. ಎರಡು ತುದಿಗಳನ್ನು 4.7 ಕಿಲೋಓಮ್ ಒಂದೊಂದರ ಮೂಲಕ ಬ್ಯಾಟರಿಯ ಪ್ಲಸ್ ಮತ್ತು ಮೈನಸ್‌ಗೆ ಸೇರಿಸಿ. ಆ ಪಿನ್‌ನ ವೋಲ್ಟೇಜ್ ಏರಿದರೆ ಎಲ್ಲ ಸ್ವರಗಳೂ ಇಳಿಯುತ್ತವೆ. 1 ಕಿಲೋಓಮ್ ಎಲ್ಲ ಗುಂಡಿಗಳಿಗೂ ಸೇರಿದ್ದು ಇರುವುದರಿಂದ ಅಂತರಗಳು ಕೂದಲೆಳೆಯಷ್ಟು ಕದಲಬಹುದು.

ಶ್ರುತಿಪೆಟ್ಟಿಗೆ
ಅವಳ ಕಿವಿಗೆ ಅದೂ ಕೇಳಿಸಿದರೆ ಆಶ್ಚರ್ಯವಿಲ್ಲ. ಮೊದಲು ಕೆಪಾಸಿಟರ್ ದಾರಿಯನ್ನೇ ಹಿಡಿಯಿರಿ.